ಬ್ರಸೆಲ್ಸ್‌ನ ದುಡ್ಡು, ಊರಿನ ಮುಂದಾಳು

1985ರಲ್ಲಿ ಸ್ವೀಡನ್ನಿನ ವೆಮ್‌ಡಾಲೆನ್ ಎಂಬ ಸಣ್ಣ ಊರಿನಲ್ಲಿ ಒಂದಷ್ಟು ಕಂಪ್ಯೂಟರುಗಳನ್ನೂ ಸಂಪರ್ಕ ಸಲಕರಣೆಗಳನ್ನೂ ಒಂದೆಡೆ ಜೋಡಿಸಿಟ್ಟು, ಯಾರು ಬೇಕಾದರೂ ಬಂದು ಕಲಿಯಬಹುದು, ಬಳಸಬಹುದು ಎಂದರು. ‘ಟೆಲಿಕಾಟೇಜ್’ ಎಂಬ ಕಲ್ಪನೆ ಹುಟ್ಟಿದ್ದು ಅಲ್ಲಿ. ಯಂತ್ರ ಬಂದರೆ ಹುಡುಗರು ಪಟ್ಟಣಕ್ಕೆ ಗುಳೆ ಹೋಗುವುದು ನಿಂತೀತು ಎಂಬ ಆಸೆ ಆಗಿನದು. 1994ರ ಹೊತ್ತಿಗೆ ಅದು ಹಂಗೆರಿಯ ಚಾಕ್‌ಬೆರೇನ್ ಹಳ್ಳಿಗೂ ತಲುಪಿತ್ತು.

ಬ್ರಸೆಲ್ಸ್, ಅಂದರೆ ಯುರೋಪಿನ ಒಕ್ಕೂಟದ ಆಡಳಿತ, ಇನ್ನೊಂದು ದಾರಿ ಹಿಡಿಯಿತು. ಅಲ್ಲಿಯವರೆಗೆ ಗ್ರಾಮೀಣ ನೆರವೆಂದರೆ ಬಹುಪಾಲು ಬೆಳೆಗೆ ಕೊಡುವ ಬೆಂಬಲ. ಬೇಸಾಯವೊಂದೇ ಹಳ್ಳಿಯನ್ನು ಉಳಿಸಲಾರದು ಎಂಬುದನ್ನು ಯುರೋಪಿಯನ್ ಆಯೋಗ 1988ರ ವರದಿಯೊಂದರಲ್ಲಿ ಒಪ್ಪಿಕೊಂಡಿತು. 1991ರಲ್ಲಿ ‘ಲೀಡರ್’ ಯೋಜನೆ ಬಂತು. ಮೇಯರ್, ರೈತ, ಅಂಗಡಿಯವರು, ಸಂಘಸಂಸ್ಥೆಯವರು ಸೇರಿ ಒಂದು ಸ್ಥಳೀಯ ಕಾರ್ಯಗುಂಪು ಕಟ್ಟಬೇಕು, ಹಣ ಯಾವುದಕ್ಕೆಂದು ಅವರೇ ತೀರ್ಮಾನಿಸಬೇಕು. ಆರಂಭದಲ್ಲಿ ಇಂಥ 217 ಗುಂಪುಗಳಿದ್ದವು. 2014–20ರ ಅವಧಿಗೆ ಸುಮಾರು 2,800 ಆದವು.

ಸಂಖ್ಯೆ ಬೆಳೆದಂತೆ ಹುರುಪೂ ಬೆಳೆಯಿತೆನ್ನಲಾರೆ. ಯುರೋಪಿನ ಲೆಕ್ಕಪರಿಶೋಧನಾ ನ್ಯಾಯಾಲಯ 2010ರಲ್ಲಿ ಕೊಟ್ಟ ವರದಿ ಖಾರವಾಗಿಯೇ ಇತ್ತು: ಕೆಲವು ಗುಂಪುಗಳು ತಮ್ಮ ಸದಸ್ಯ ಸಂಸ್ಥೆಗಳಿಗೇ ಅನುದಾನ ಹಂಚಿಕೊಂಡಿದ್ದವು. ಊರಿನ ಹಿರಿಯರ ಕೈಗೆ ಅಧಿಕಾರ ಕೊಟ್ಟ ಮಾತ್ರಕ್ಕೆ ಅದು ಊರಿಗೇ ಸಿಕ್ಕಂತಾಗುವುದಿಲ್ಲ.

ಈ ಯೋಜನೆಯ ಕಡತಗಳಿಗಿಂತ ಹೆಚ್ಚು ಕಲಿಸುವುದು ಡೆನ್ಮಾರ್ಕಿನ ಸಾಮ್ಸೋ ದ್ವೀಪ. ಪೂರ್ತಿ ನವೀಕರಿಸಬಹುದಾದ ಇಂಧನದಲ್ಲೇ ಬದುಕುವ ದ್ವೀಪ ಯಾವುದೆಂದು ಸರ್ಕಾರ ನಡೆಸಿದ ಸ್ಪರ್ಧೆಯನ್ನು ಅದು 1997ರಲ್ಲಿ ಗೆದ್ದಿತು. ಯೋಜನೆ ಮಾತ್ರ ಹೊರಗಿನ ಎಂಜಿನಿಯರ್ ಒಬ್ಬರದು; ದ್ವೀಪದ ಜನರಿಗೆ ಅದರಲ್ಲಿ ಅಂಥ ಕುತೂಹಲವೇನೂ ಇರಲಿಲ್ಲ. ಅದನ್ನು ಜನರ ಬಳಿಗೆ ಒಯ್ದವರು ಅಲ್ಲೇ ಹುಟ್ಟಿ ಬೆಳೆದ ಸೋರೆನ್ ಹರ್ಮನ್ಸೆನ್. ರೈತ ಕುಟುಂಬದವರು, ಮೇಷ್ಟ್ರಾಗಿದ್ದವರು. ಸಭೆಯ ಮೇಲೆ ಸಭೆ ನಡೆಸಿ, ಹವಾಮಾನದ ಉಪದೇಶ ಬದಿಗಿಟ್ಟು, ಗಾಳಿಯಂತ್ರದಲ್ಲಿ ಯಾರಿಗೆಷ್ಟು ಪಾಲು, ಎಷ್ಟು ಲಾಭ ಎಂಬ ಲೆಕ್ಕ ಮಾತಾಡಿದರು. ನೆಲದ ಮೇಲೆ 11 ಯಂತ್ರಗಳು ಎದ್ದವು, ಹೆಚ್ಚಿನವು ರೈತರವೇ, ಉಳಿದವು ಷೇರುದಾರರವು. ಆಮೇಲೆ ಸಮುದ್ರದಲ್ಲಿ 10. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡಲು ಗೋಧಿಹುಲ್ಲು ಸುಡುವ ಸ್ಥಾವರಗಳೂ ಬಂದವು. ನೆರೆಮನೆಯವನ ಯಂತ್ರದ ಸದ್ದಿಗೆ ಗೊಣಗುವವನು ತನ್ನದೇ ಪಾಲಿದ್ದರೆ ಗೊಣಗುವುದಿಲ್ಲ. ತಂತ್ರಜ್ಞಾನದ ವರದಿಗಳು ಬಿಟ್ಟುಬಿಡುವ ಸಂಗತಿಯೇ ಇದು.

ಇಂಟರ್ನೆಟ್ಟಿನ ಕಥೆಯೂ ಹೀಗೇ. ಕಟಲೋನಿಯಾದ ಒಸೋನಾ ಸೀಮೆಗೆ ಕಂಪನಿಗಳ ಬ್ರಾಡ್‌ಬ್ಯಾಂಡ್ ಬರದಿದ್ದಾಗ, ರಾಮೋನ್ ರೋಕಾ ಮತ್ತು ಸಂಗಡಿಗರು 2004ರಲ್ಲಿ ವೈಫೈ ಆಂಟೆನಾಗಳಿಂದ ಮನೆಮನೆಗಳನ್ನು ಬೆಸೆದು ‘ಗ್ವಿಫಿ’ ಜಾಲ ಕಟ್ಟಿದರು. ಮುಂದೆ ಅದು ಮೂವತ್ತು ಸಾವಿರ ಕೊಂಡಿಗಳನ್ನು ದಾಟಿತು.

ಇಂಗ್ಲೆಂಡಿನ ಲಂಕಾಶೈರ್‌ನಲ್ಲಿ 2011ರಲ್ಲಿ ಹುಟ್ಟಿದ ‘ಬಾರ್ನ್’ ಸಹಕಾರಿ ಸಂಸ್ಥೆಯಂತೂ ಫೈಬರ್ ಕೇಬಲ್ಲನ್ನೇ ಹೂಳಲು ಹೊರಟಿತು. ಹಳ್ಳಿಗೆ ಕೇಬಲ್ ಎಳೆಯುವಾಗ ದುಡ್ಡು ನುಂಗುವುದು ಅಗೆತ, ಅದರಲ್ಲೂ ರಸ್ತೆ ಅಗೆತ. ಅವರು ರಸ್ತೆಯ ಗೊಡವೆಗೆ ಹೋಗದೆ ಹೊಲಗಳ ನಡುವೆ ದಾರಿ ಹುಡುಕಿದರು. ರೈತರು ಬಾಡಿಗೆ ಕೇಳದೆ ಒಪ್ಪಿದರು. ನಿವೃತ್ತರು, ಗೃಹಿಣಿಯರು ಕಾಲುವೆ ತೋಡಿದರು. ದುಡಿದದ್ದಕ್ಕೆ ಷೇರು ಪಡೆದವರೂ ಉಂಟು. ಆಗ ನಗರದವರಿಗೇ ಸಿಗದಿದ್ದ ಸೆಕೆಂಡಿಗೊಂದು ಗಿಗಾಬಿಟ್ ವೇಗ ತಿಂಗಳಿಗೆ 30 ಪೌಂಡಿಗೆ ಆ ಕುರಿಗಾಹಿ ಊರುಗಳ ಮನೆಯೊಳಗೆ ಬಂತು. ಒಬ್ಬನೇ ರೈತ ‘ಒಲ್ಲೆ’ ಎಂದರೂ ಕೇಬಲ್ ಸುತ್ತಿ ಬಳಸಿ ಹೋಗಬೇಕು. ಹಾಗಾಗಿ ಅಲ್ಲಿ ಎಂಜಿನಿಯರಿನಷ್ಟೇ ಮುಖ್ಯ, ಹೊಲದ ಬೇಲಿಯ ಬಳಿ ನಿಂತು ಮಾತಾಡಿ ಒಪ್ಪಿಸಬಲ್ಲ ಊರಿನವನು.

ಬ್ರಸೆಲ್ಸ್ ಹಳ್ಳಿಗಳ ಇಂಥ ಪ್ರಯತ್ನಗಳ ಕಡೆ ಗಂಭೀರವಾಗಿ ನೋಡಿದ್ದು 2017ರಲ್ಲಿ, ‘ಸ್ಮಾರ್ಟ್ ಹಳ್ಳಿ’ ಎಂಬ ಹೆಸರಿನಲ್ಲಿ. ಮರುವರ್ಷ ಸ್ಲೊವೇನಿಯಾದ ಬ್ಲೆಡ್‌ನಲ್ಲಿ ಘೋಷಣೆಯೂ ಆಯಿತು. ಅಷ್ಟರಲ್ಲಾಗಲೇ ಜರ್ಮನಿಯ ರೈನ್‌ಲ್ಯಾಂಡ್-ಫಾಲ್ಟ್ಸ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆ ‘ಡಿಜಿಟಲ್ ಹಳ್ಳಿ’ ಪ್ರಯೋಗ ಶುರುಮಾಡಿತ್ತು. ಊರಿನ ಅಂಗಡಿಗೆ ಆನ್‌ಲೈನಿನಲ್ಲಿ ಆರ್ಡರ್ ಕೊಟ್ಟರೆ, ಆ ದಾರಿಯಲ್ಲಿ ಹೋಗುವ ನೆರೆಯವರು ಪೊಟ್ಟಣ ತಂದುಕೊಡುತ್ತಿದ್ದರು, ಪ್ರತಿಯಾಗಿ ಅಂಕ ಗಳಿಸುತ್ತಿದ್ದರು.

ಲೆಕ್ಕಪರಿಶೋಧಕರು 2022ರಲ್ಲಿ ‘ಲೀಡರ್’ ಯೋಜನೆಯನ್ನು ಮತ್ತೆ ಪರಿಶೀಲಿಸಿದರು. ಜನ ಪಾಲ್ಗೊಳ್ಳುತ್ತಿರುವುದು ನಿಜ, ಆದರೆ ಹೆಚ್ಚಿನ ಖರ್ಚಿಗೆ ತಕ್ಕ ಹೆಚ್ಚಿನ ಲಾಭ ಸಾಬೀತಾಗಿಲ್ಲ ಎಂಬುದು ಅವರ ತೀರ್ಪು. ಬೇಲಿಯ ಬಳಿಯ ಆ ಮಾತುಕತೆಗೆ ಅವರ ನಮೂನೆಯಲ್ಲಿ ಯಾವ ಕಾಲಮ್ಮಿದೆಯೋ!