ಅವ್ವನ ಕೈಗುಣ ಮತ್ತ ಇಂಗ್ಲೆಂಡಿನ ಗಾಜಿನಮನಿ

ಹ್ವಾದ ವರ್ಷ ಮಗಳು ಒಂದು ಫೆಲನಾಪ್ಸಿಸ್ ಗಿಡ ತಂದುಕೊಟ್ಟಿದ್ದಳು. ಅದೇ, ಪತಂಗದ ಆರ್ಕಿಡ್. ದಪ್ಪನ ನಾಕು ಎಲಿ, ಬಾಗಿದ ಒಂದು ಕಡ್ಡಿ, ಅದರ ಮ್ಯಾಲೆ ಬಿಳೀ ಪತಂಗ ಸಾಲಾಗಿ ಕುಂತಂಗ ಹೂವು. ನಮ್ಮ ಅವ್ವ ದಿನಾ ತುಳಸಿಗೆ ಹಾಕಿ ಉಳಿದ ತಂಬಿಗಿ ನೀರು ಅದಕ್ಕ ಹಾಕತಿದ್ದಳು. “ಬರೇ ತೊಗಟಿ ಚೂರಿನಾಗ ಗಿಡ ಹೆಂಗ ಬದುಕತೈತಿ?” ಅಂತ ಕುಂಡಿಯಾಗ ಕೆಮ್ಮಣ್ಣೂ ತುಂಬಿದಳು. ಎರಡು ತಿಂಗಳಿಗೆ ಎಲಿ ಹಳದಿ ಆದುವು. ಎತ್ತಿ ನೋಡಿದರ ಬೇರೆಲ್ಲಾ ಕೊಳತು ಕೈಯಾಗ ಬಂದುವು. “ನನ್ನ ಕೈಗುಣಾನ ಹೋತು” ಅಂದಾಕಿ, ಹಿತ್ತಲಕ್ಕ ಹೋಗೂದನ್ನ ಬಿಟ್ಟಳು. ಎಂಬತ್ತು ದಾಟಿದಾಕಿ, ಜನ್ಮಪೂರ್ತಿ ಮುಟ್ಟಿದ್ದೆಲ್ಲಾ ಚಿಗುರಿಸಿದಾಕಿ. ನನಗ ಗಿಡ ಹೋಗಿದ್ದಕ್ಕಿಂತ ಅದs ಭಾಳ ಕೆಟ್ಟನಿಸ್ತು.

ಅಕಿಗೆ ಏನರ ಸಮಾಧಾನ ಹೇಳೂಣಂತ ಈ ಗಿಡದ ಚರಿತ್ರೆ ಓದಾಕ ಕುಂತೆ. ಓದಿದರ, ಅವ್ವ ಮಾಡಿದ್ದನ್ನ ದೊಡ್ಡ ದೊಡ್ಡ ಸಾಹೇಬ್ರೂ ಮಾಡ್ಯಾರ, ಅದೂ ರೊಕ್ಕ ಸುರುವಿ!

ಈ ಗಿಡದ ತವರು ಜಾವಾ, ಫಿಲಿಪ್ಪೀನ್ಸ್, ಆ ಕಡಿಯ ದ್ವೀಪಗಳು. 1753ರಲ್ಲಿ ಲಿನೇಯಸ್ ಇದನ್ನ ಬೇರೊಂದು ಕುಲಕ್ಕ ಸೇರಿಸಿದ್ದ. 1825ರಲ್ಲಿ ಬ್ಲೂಮ್ ಅನ್ನೋ ಸಸ್ಯಶಾಸ್ತ್ರಿ ಫೆಲನಾಪ್ಸಿಸ್ ಅಂತ ಹೊಸಾ ಕುಲಾ ಮಾಡಿದ. ಗ್ರೀಕಿನಾಗ ‘ಪತಂಗದಂಥದ್ದು’ ಅಂತ ಅರ್ಥ. ದೂರದಿಂದ ನೋಡಿ ಖರೇನ ಪತಂಗ ಅಂತ ತಿಳಿದಿದ್ದನಂತ ಒಂದು ಕಥಿನೂ ಹೇಳತಾರ. ಕಾಡಿನಾಗ ಇದು ಮರದ ಕೊಂಬಿ ಹಿಡಕೊಂಡು ಬೆಳಿತೈತಿ, ಆದರ ಬಂದಳಿಕೆಯಂಗ ಮರದ ರಸಾ ಹೀರೂದಿಲ್ಲ. ಬೇರಿನ ಮ್ಯಾಲೆ ಸ್ಪಂಜಿನಂಥಾ ಬಿಳೀ ಪದರ ಇರತೈತಿ. ಮಳಿ ಬಂದಾಗ ನೀರು ಕುಡದು ಹಸರಾಗತೈತಿ, ಒಣಗಿದರ ಮತ್ತ ಬೆಳ್ಳಿ ಬಣ್ಣ. ಬೇರಿಗೆ ನೀರಿನಷ್ಟs ಗಾಳಿನೂ ಬೇಕು.

ಇಂಗ್ಲೆಂಡಿನವರಿಗೆ ಇದು ಹೊಳೀಲಿಲ್ಲ. ಬಿಸಿ ನಾಡಿನ ಗಿಡ ಅಂದಮ್ಯಾಲೆ ಬಿಸಿನ ಬೇಕು ಅಂತ ಗಾಜಿನಮನಿ ಕಟ್ಟಿ, ಒಲಿ ಹಚ್ಚಿ, ಕಿಟಕಿ ಮುಚ್ಚಿ, ಒಳಗ ಉಗಿ ತುಂಬಿದರು. 1830ರಲ್ಲಿ ಜಾನ್ ಲಿಂಡ್ಲಿಯಂಥಾ ಪಂಡಿತನೂ ಭಾಳ ಶಾಖ, ನೆರಳು, ತೇವ ಇರಲಿ ಅಂತನ ಹೇಳಿದ್ದ. ಹಡಗಿನಾಗ ತಿಂಗಳಗಟ್ಟಲೆ ಬಂದು ಉಳಿದಿದ್ದ ಗಿಡಗಳು ಇಲ್ಲಿ ಬೆಂದು ಕೊಳತು ಸತ್ತುವು. ಸತ್ತಂಗೆಲ್ಲಾ ಮತ್ತ ತರಿಸಿದರು. ಅವ್ವ ಒಂದು ಗಿಡ ಕೊಂದಳು. ಇವರ ಸಲುವಾಗಿ ಅಡವಿನs ಬೋಳಾದುವು.

ಚಾಟ್ಸ್‌ವರ್ತ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಮಾತ್ರ ಬ್ಯಾರೆ ದಾರಿ ಹಿಡಿದ. ಕಿಟಕಿ ತೆರೆಸಿದ, ಶಾಖ ಇಳಿಸಿದ, ನೀರನ್ನ ನೆಲಕ್ಕ ಚಿಮುಕಿಸಿ ಗಾಳಿಯಷ್ಟೇ ತೇವ ಇಟ್ಟ. ಅವನ ಕಡಿಯ ಜಾನ್ ಗಿಬ್ಸನ್ 1835ರಲ್ಲಿ ಹೊರಟು ನಮ್ಮ ದೇಶಕ್ಕs ಬಂದು, ಖಾಸಿ ಗುಡ್ಡದಾಗ ಆರ್ಕಿಡ್ ಆರಿಸಿ ಒಯ್ದ. ಚಿರಾಪುಂಜಿ ಕಡೆ ಚಳಿಗಾಲದಾಗ ಛಲೋ ಥಂಡಿ. ಅಲ್ಲಿ ಗಿಡಕ್ಕ ಒಲಿ ಯಾಕ ಬೇಕು? 1838ರ ಹೊತ್ತಿಗೆ ಫಿಲಿಪ್ಪೀನ್ಸ್‌ನಿಂದ ಹ್ಯೂ ಕಮಿಂಗ್ ಕಳಿಸಿದ ಪತಂಗದ ಆರ್ಕಿಡ್ ಇಂಗ್ಲೆಂಡಿನಾಗ ಹೂ ಬಿಟ್ಟಿತು.

ಆಮ್ಯಾಲೆನೂ ಇದು ಶ್ರೀಮಂತರ ಹೂವs. ಬೀಜ ಧೂಳಿನಷ್ಟು ಸಣ್ಣ, ಒಳಗ ಬುತ್ತಿ ಇಲ್ಲ, ಕಾಡಿನಾಗ ಒಂದು ಶಿಲೀಂಧ್ರ ಉಣಿಸಬೇಕು. 1922ರಲ್ಲಿ ಅಮೆರಿಕಾದ ಲೂಯಿಸ್ ನಡ್ಸನ್ ಶೀಷೆಯೊಳಗ ಸಕ್ಕರಿ ಬೆರೆಸಿದ ಅಗರ್‌ನಾಗ ಬೀಜ ಮೊಳೆಸಿ ತೋರಿಸಿದ. ಆ ದಾರಿ ಹಿಡದs ಇವತ್ತು ನನ್ನ ಮಗಳು ಒಂದು ಗಿಡ ಕೊಳ್ಳೂವಂಗ ಆಗೈತಿ.

ಇದನ್ನೆಲ್ಲಾ ಹೇಳಿದರ ಅವ್ವ, “ಹಂಗಾರ ಆ ಸಾಹೇಬ್ರಿಗೂ ಗೊತ್ತಿರಲಿಲ್ಲನು?” ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ತಾನs ಅಂದಳು: “ಯಲ್ಲಾಪುರದಾಗ ನಮ್ಮ ತವರುಮನಿ ಹಲಸಿನ ಮರಕ್ಕ ಸೀತಾಳಿ ದಂಡಿ ಇತ್ತು ನೋಡು. ಮಳಿ ಹಿಡಿಯೂ ಹೊತ್ತಿಗೆ ಜಡಿಯಂಗ ಇಳಿಬೀಳತಿತ್ತು. ಅದಕ್ಕ ಯಾರು ನೀರು ಹಾಕತಿದ್ದರು?” ಸೀತಾಳಿ ದಂಡಿನೂ ಪತಂಗದ ಆರ್ಕಿಡ್ಡೂ ಹತ್ತರದ ಬಳಗ ಅಂದೆ. “ಮೊದಲs ಹೇಳಬಾರದಿತ್ತೇನು?” ಅಂತ ನನಗs ಬೈದಳು.

ದೀಪಾವಳಿಗೆ ಇನ್ನೊಂದು ಗಿಡ ಬಂತು. ಪಾರದರ್ಶಕ ಕುಂಡಿ, ತೊಗಟಿ ಚೂರು, ಅಡಗಿಮನಿ ಮೂಡಣ ಕಿಟಕಿ. ದಿನಾ ಮುಂಜಾನೆ ಅವ್ವ ಚಸಮಾ ಹಾಕ್ಕೊಂಡು ಕುಂಡಿ ಎತ್ತಿ ಬೆಳಕಿಗೆ ಹಿಡಿತಾಳ.

“ಬೇರು ಇನ್ನೂ ಹಸರs ಅದಾವು. ಇವತ್ತು ಬ್ಯಾಡ.”