ಪ್ರತಿಧ್ವನಿಗೊಂದು ವಿಳಾಸ: ನೆಲ ಶೋಧಿಸುವ ರಾಡಾರ್ ನಡೆದ ದಾರಿ

1929ರಲ್ಲಿ ಆಸ್ಟ್ರಿಯಾದ ಹಿಮನದಿಯೊಂದರ ಆಳವನ್ನು ಡಬ್ಲ್ಯು. ಸ್ಟರ್ನ್ ರೇಡಿಯೊ ಅಲೆಗಳಿಂದ ಅಳೆದರು. ಗ್ರೌಂಡ್ ಪೆನೆಟ್ರೇಟಿಂಗ್ ರಾಡಾರ್‌ನ, ಅಂದರೆ ಜಿಪಿಆರ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದ ಹೇಳುತ್ತಾರೆ. 1972ರಲ್ಲಿ ಅಪೊಲೊ 17 ಇದೇ ತತ್ತ್ವದ ಉಪಕರಣವನ್ನು ಚಂದ್ರನ ಕಕ್ಷೆಗೆ ಒಯ್ದಿತು. ಅದೇ ದಶಕದಲ್ಲಿ ಜಿಪಿಆರ್ ಮಾರಾಟಕ್ಕೂ ಬಂತು. ಅಲೆ ಕಳಿಸುವುದು, ಪ್ರತಿಧ್ವನಿ ಮರಳುವ ಹೊತ್ತನ್ನು ನ್ಯಾನೊಸೆಕೆಂಡುಗಳಲ್ಲಿ ಎಣಿಸುವುದು: ಕೆಲಸದ ಮೂಲ ಇಂದಿಗೂ ಅಷ್ಟೇ. ಈ ವಿದ್ಯೆಯ ಹಣೆಬರಹವನ್ನು ಬದಲಿಸಿದ್ದು, ನನ್ನ ಪ್ರಕಾರ, ಅಳೆದ ಆ ಕ್ಷಣದಲ್ಲಿ ಆಂಟೆನಾ ಎಲ್ಲಿತ್ತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ.

ಮೊದಲು ದಾರ ಕಟ್ಟಿ, ಟೇಪು ಹಿಡಿದು, ಗಾಡಿಯ ಚಕ್ರದ ಸುತ್ತು ಎಣಿಸಿ ಜಾಗ ಗುರುತಿಸುತ್ತಿದ್ದರು. ಹುಲ್ಲಿನಲ್ಲಿ ಚಕ್ರ ಜಾರುತ್ತದೆ, ಎಳೆಯುವವರ ನಡೆ ಓರೆಯಾಗುತ್ತದೆ. ಹೂತ ಕೊಳವೆಯೊಂದು ರಾಡಾರ್ ಚಿತ್ರದಲ್ಲಿ ಕಮಾನಿನಂತೆ ಕಾಣುವುದು, ಆಂಟೆನಾ ಹತ್ತಿರ ಬರುವಾಗಲೂ ದೂರ ಸರಿಯುವಾಗಲೂ ಅದು ಪ್ರತಿಧ್ವನಿಸುವುದರಿಂದ. ಆ ಕಮಾನನ್ನು ಲೆಕ್ಕದಿಂದ ಮತ್ತೆ ಒಂದೇ ಬಿಂದುವಾಗಿಸಬೇಕಾದರೆ ಪ್ರತಿ ಅಳತೆಯ ಸ್ಥಾನವೂ ಖಚಿತವಾಗಿರಬೇಕು. ಇಲ್ಲದಿದ್ದರೆ ಕೊಳವೆ ಮಸುಕಾಗಿ ಹರಡಿಬಿಡುತ್ತದೆ.

1999ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಲೆಹ್ಮನ್ ಮತ್ತು ಗ್ರೀನ್, ಆಂಟೆನಾವನ್ನು ತಾನೇ ಹಿಂಬಾಲಿಸುವ ಲೇಸರ್ ಥಿಯೊಡೊಲೈಟನ್ನು (ಸರ್ವೆಯವರ ಕೋನಮಾಪಕ) ಜಿಪಿಆರ್‌ಗೆ ಜೋಡಿಸಿದರು. ಮಿಯಾಮಿ ವಿಶ್ವವಿದ್ಯಾಲಯದ ಮಾರ್ಕ್ ಗ್ರಾಸ್‌ಮ್ಯೂಕ್ ಮತ್ತು ಸಂಗಡಿಗರು 2005ರಲ್ಲಿ ಇನ್ನೂ ಕಟ್ಟುನಿಟ್ಟಾದ ಮಾತು ಹೇಳಿದರು: ಮೂರು ಆಯಾಮದ ನಿಜವಾದ ಚಿತ್ರ ಬೇಕಿದ್ದರೆ ಅಳತೆಗಳ ನಡುವಿನ ಅಂತರ ಅಲೆಯುದ್ದದ ಕಾಲು ಭಾಗವನ್ನು ಮೀರಬಾರದು. 400 ಮೆಗಾಹರ್ಟ್ಸ್ ಅಲೆ ಸಾಧಾರಣ ಮಣ್ಣಿನಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ಅದರ ಕಾಲು ಭಾಗವೆಂದರೆ ಆರು ಸೆಂಟಿಮೀಟರ್. ದಾರ, ಟೇಪಿನಿಂದ ಇಷ್ಟು ನಿಖರತೆ ಕಷ್ಟ. 2007ರಲ್ಲಿ ಅದೇ ವಿಶ್ವವಿದ್ಯಾಲಯದವರು ತಿರುಗುವ ಲೇಸರ್‌ಗಳಿಂದ ಆಂಟೆನಾದ ಸ್ಥಾನವನ್ನು ಚಲಿಸುತ್ತಿರುವಾಗಲೇ ದಾಖಲಿಸಿ ತೋರಿಸಿದರು.

ಸ್ಥಾನ ಹಿಡಿಯುವ ಈ ಶಿಸ್ತು ಎಂಥ ಫಲ ಕೊಡಬಲ್ಲದು ಎಂಬುದಕ್ಕೆ ರೋಮ್‌ನ ಉತ್ತರಕ್ಕಿರುವ, ಮಣ್ಣಿನಡಿ ಹೂತ ಪ್ರಾಚೀನ ರೋಮನ್ ನಗರ ಫಲೇರಿ ನೋವಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಗೆಂಟ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತಂಡ ಅಲ್ಲಿ ವಾಹನಕ್ಕೆ ಆಂಟೆನಾಗಳ ಸಾಲನ್ನು ಕಟ್ಟಿ, ಆ ಕಾಲು ಭಾಗದ ಮಿತಿಗಿಂತ ವಿರಳವಾಗಿಯೇ ಆದರೂ 12.5 ಸೆಂಟಿಮೀಟರ್‌ಗೊಂದು ಅಳತೆಯಂತೆ 30.5 ಹೆಕ್ಟೇರ್ ನಗರವನ್ನು ಇಡಿಯಾಗಿ ಓದಿತು. 2020ರಲ್ಲಿ ಪ್ರಕಟವಾದ ನಕ್ಷೆಯಲ್ಲಿ ದೇವಾಲಯ, ಮಾರುಕಟ್ಟೆ, ಸ್ನಾನಗೃಹ, ಮನೆಗಳ ಅಡಿಯಲ್ಲೇ ಹಾದುಹೋದ ನೀರಿನ ಕೊಳವೆಗಳು ಎಲ್ಲವೂ ಇದ್ದವು. ಒಂದು ಗುದ್ದಲಿ ಪೆಟ್ಟೂ ಬೀಳದೆ!

ಇಂದು ಬಯಲಿನಲ್ಲಿ ಆರ್‌ಟಿಕೆ ಎಂಬ ಉಪಗ್ರಹ ಆಧಾರಿತ ಸ್ಥಾನಮಾಪನ ಸೆಂಟಿಮೀಟರ್ ಮಟ್ಟದ ನಿಖರತೆ ಕೊಡುತ್ತದೆ. ಮರಗಳಡಿ, ಎತ್ತರದ ಕಟ್ಟಡಗಳ ನಡುವೆ ಅದನ್ನು ನಂಬುವಂತಿಲ್ಲ. ಅಲ್ಲಿ ಸುತ್ತಲಿನ ಗೋಡೆ, ಕಂಬಗಳನ್ನು ಲೈಡಾರ್ ಎಂಬ ಲೇಸರ್ ಸಾಧನದಿಂದ ಸ್ಕ್ಯಾನ್ ಮಾಡುತ್ತ ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುವ ವಿಧಾನ ನೆರವಿಗೆ ಬರುತ್ತಿದೆ. ಲೇಸರ್ ನಕ್ಷೆಯಿಂದ ಇನ್ನೊಂದು ಉಪಕಾರವಿದೆ, ನೆಲದ ಏರುತಗ್ಗು. ಗಾಡಿ 30 ಸೆಂಟಿಮೀಟರ್ ದಿಬ್ಬ ಹತ್ತಿದರೆ ಸಾಧಾರಣ ಮಣ್ಣಿನಲ್ಲಿ ಪ್ರತಿಧ್ವನಿ ಸುಮಾರು ಆರು ನ್ಯಾನೊಸೆಕೆಂಡ್ ತಡವಾಗುತ್ತದೆ; ಸಮತಟ್ಟಾಗಿ ಹೂತ ನೆಲಹಾಸು ಚಿತ್ರದಲ್ಲಿ ಹೊಂಡವಾಗುತ್ತದೆ. ಮೇಲ್ಮೈಯ ಎತ್ತರ ಗೊತ್ತಿದ್ದರಷ್ಟೇ ಈ ಸುಳ್ಳು ಹೊಂಡವನ್ನು ತೆಗೆಯಲು ಸಾಧ್ಯ.

ಸ್ಥಾನ ಎಷ್ಟೇ ನಿಖರವಾಗಿದ್ದರೂ ಮಣ್ಣಿನ ಗುಣವನ್ನು ಅದು ಬದಲಿಸದು. ನಮ್ಮ ಬಯಲುಸೀಮೆಯ ಎರೆಭೂಮಿಯಂಥ ಜೇಡಿಭರಿತ ಮಣ್ಣು ಹಸಿಯಾದಾಗ ಅಲೆಗಳನ್ನು ಬೇಗ ಹೀರಿಬಿಡುತ್ತದೆ. ಆದ್ದರಿಂದ ಸಮೀಕ್ಷೆಯ ವರದಿ ಕೈಗೆ ಬಂದಾಗ ಮಣ್ಣು ಯಾವುದು, ಸ್ಥಾನವನ್ನು ಹೇಗೆ ಅಳೆದರು ಎಂಬೆರಡು ವಿವರಗಳನ್ನು ಚಿತ್ರಕ್ಕಿಂತ ಮೊದಲು ನೋಡಬೇಕು. ಬ್ರಿಟನ್ 2014ರಲ್ಲಿ ಹೊರತಂದ ಪಿಎಎಸ್ 128 ಮಾನದಂಡ, ಹೂತ ಕೊಳವೆ-ಕೇಬಲ್‌ಗಳ ಸ್ಥಾನ ಎಷ್ಟು ಖಚಿತ ಎಂಬುದನ್ನು ದರ್ಜೆಯಾಗಿ ನಮೂದಿಸುವಂತೆ ಕೇಳುತ್ತದೆ. ರಸ್ತೆ ಅಗೆಯುವ ಮುನ್ನ ಇಂಥ ನಮೂದನ್ನು ನಮ್ಮ ನಗರಗಳೂ ಕಡ್ಡಾಯವಾಗಿ ಕೇಳಬೇಕು.