ಅಂಕೋಲೆಯ ಸುಕ್ರಜ್ಜಿ

2025ನೆಯ ಇಸವಿ ಫೆಬ್ರವರಿ 13ರಂದು ಅಂಕೋಲೆ ತಾಲ್ಲೂಕು ಬಡಗೇರಿಯ ಸುಕ್ರಿ ಬೊಮ್ಮಗೌಡರು ಕಾಲವಾದರು. ಅದಕ್ಕೆ ಎರಡು ತಿಂಗಳು ಹಿಂದೆ, 2024ರ ಡಿಸೆಂಬರ್ 16ರಂದು, ಅದೇ ತಾಲ್ಲೂಕು ಹೊನ್ನಳ್ಳಿಯ ತುಳಸಿಗೌಡರು ತೀರಿಕೊಂಡಿದ್ದರು. ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಅಕ್ಷರ ಕಲಿಯದವರು, ಪದ್ಮಶ್ರೀ ಪಡೆದವರು. ತುಳಸಿಗೌಡರು ಗಿಡ ನೆಟ್ಟು ಕಾಡು ಬೆಳೆಸಿದರು, ಸುಕ್ರಿಯವರು ಹಾಡಿದರು. ಇಂದು ನಾವು ಮಾತನಾಡಹೊರಟಿರುವುದು ಹಾಡಿದವರನ್ನು ಕುರಿತು.

ಅವರನ್ನು ದೇಶಭಕ್ತೆಯೆಂದು ಕರೆಯಬಹುದೆ? ಈ ಪ್ರಶ್ನೆ ಕೆಲವರಿಗೆ ವಿಚಿತ್ರವೆನಿಸೀತು. ಹಾಲಕ್ಕಿ ಹೆಂಗಸರ ಪದಗಳು ಮದುವೆಯವು, ಗದ್ದೆಯ ನೆಟ್ಟಿಯವು, ಹಬ್ಬಹುಣ್ಣಿಮೆಗಳವು. ಬಾವುಟವನ್ನು ಹೊಗಳುವ ಹಾಡುಗಳನ್ನೇ ದೇಶಭಕ್ತಿಗೀತೆಗಳೆಂದು ಶಾಲೆಯಲ್ಲಿ ಕಲಿತ ನಮ್ಮಂತಹವರಿಗೆ ಇವುಗಳಲ್ಲಿ ದೇಶವು ಥಟ್ಟನೆ ಕಾಣಿಸದು. ಆದರೆ ಅಂಕೋಲೆಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ನೋಡಿದರೆ ಬೇರೊಂದು ಸಂಗತಿ ತೋರುವುದು.

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಮುಂದೆ ಅಂಕೋಲೆ, ಸಿದ್ಧಾಪುರಗಳ ರೈತರು ಭೂಕಂದಾಯವನ್ನು ಕೊಡಲೊಲ್ಲದೆ ಹೊಲಮನೆಗಳನ್ನು ಕಳೆದುಕೊಂಡರು. ಅಂಕೋಲೆಗೆ ಕರ್ಣಾಟಕದ ಬಾರ್ಡೋಲಿ ಎಂಬ ಹೆಸರು ಬಂದುದು ಹೀಗೆ. ಇವು ಎಲ್ಲರೂ ಬಲ್ಲ ವಿಷಯಗಳು. ಆ ಏಪ್ರಿಲ್ ತಿಂಗಳಿನಲ್ಲಿಯೇ ಗಾಂಧಿಯವರು ತಮ್ಮ ಪತ್ರಿಕೆಯಲ್ಲಿ ಹೆಂಗಸರಿಗೆ ಎರಡು ಕೆಲಸಗಳನ್ನು ಬೇರೆಯಾಗಿ ಒಪ್ಪಿಸಿದ್ದರು: ಪರದೇಶದ ಬಟ್ಟೆಯ ಅಂಗಡಿಗಳ ಮುಂದೆಯೂ ಹೆಂಡಸಾರಾಯಿಯ ಅಂಗಡಿಗಳ ಮುಂದೆಯೂ ನಿಲ್ಲುವುದು. ಬಟ್ಟೆಯ ಕೆಲಸ ಸ್ವರಾಜ್ಯದೊಡನೆ ಮುಗಿಯಿತು. ಹೆಂಡದ ಕೆಲಸ ಮುಗಿಯಲಿಲ್ಲ.

ಸುಕ್ರಿಯವರು ಇದನ್ನು ಪುಸ್ತಕದಿಂದ ತಿಳಿದವರಲ್ಲ. ಎಳೆಯ ವಯಸ್ಸಿನಲ್ಲಿ ತಮಗಿಂತ ಬಹಳ ಹಿರಿಯರಿಗೆ ಮದುವೆಯಾದರು. ಕುಡಿತವು ಗಂಡನನ್ನು ಕೊಂಡೊಯ್ದಿತು. ಸಾಕಿದ ಮಗನನ್ನೂ ಕೊಂಡೊಯ್ದಿತು. ಆಮೇಲೆ ಅವರು ಕೊಪ್ಪದ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ಮಾರಾಟಕ್ಕೆ ಎದುರು ನಿಂತರು. 2007ರಲ್ಲಿ ಕರ್ಣಾಟಕ ಸರ್ಕಾರವು ಸಾರಾಯಿಯನ್ನು ನಿಷೇಧಿಸಿತು. ಅದಕ್ಕೆ ಬಹಳ ಮೊದಲೇ ಬಡಗೇರಿಯ ಹೆಂಗಸರು ಈ ಹೋರಾಟವನ್ನು ಹೂಡಿದ್ದರು. 1930ರಲ್ಲಿ ಹೆಂಗಸರಿಗೆ ಒಪ್ಪಿಸಿದ್ದ ಕೆಲಸವನ್ನು ಅದೇ ಅಂಕೋಲೆಯಲ್ಲಿ ಕೈಗೆತ್ತಿಕೊಂಡವರನ್ನು ದೇಶಸೇವಕರ ಸಾಲಿನಲ್ಲಿ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಾಡಿನ ಮಾತಿಗೆ ಬರೋಣ. ಸುಕ್ರಿಯವರು ತಾಯಿಯಿಂದ ಹಾಡು ಕಲಿತರು. ಬರೆದುಕೊಳ್ಳಲು ಅಕ್ಷರವಿಲ್ಲ, ಸಾವಿರಾರು ಪದಗಳು ನೆನಪಿನಲ್ಲಿಯೇ ಇದ್ದುವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜವೆಂದು ಗೌರವಿಸಿತು. 2017ರಲ್ಲಿ ಪದ್ಮಶ್ರೀ ಬಂದಿತು. ಕೊರಳು ತುಂಬ ಮಣಿಸರಗಳು, ಕುಪ್ಪಸವಿಲ್ಲದೆ ಉಟ್ಟ ಸೀರೆ, ಈ ತಮ್ಮ ಜನದ ಉಡುಗೆಯನ್ನು ಅವರು ಬಿಡಲಿಲ್ಲ. ಪಟ್ಟಣದ ಸಭೆಗಳಲ್ಲಿ ಕೆಲವರು ಹಾಡಿಗಿಂತ ಹೆಚ್ಚಾಗಿ ಮಣಿಗಳನ್ನೇ ನೋಡುತ್ತಿದ್ದರೆಂಬುದನ್ನು ಹೇಳದೆ ಇರಲಾರೆವು.

ಇಂತಹ ಹಾಡಿಗೆ ಆಸರೆ ನೆಲ. ಕಾರವಾರದಿಂದ ಅಂಕೋಲೆಯ ಕಡೆಗೆ ಹಬ್ಬಿರುವ ಕರಾವಳಿಯಲ್ಲಿ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. ಸಾವಿರಾರು ಕುಟುಂಬಗಳು ದೇಶದ ರಕ್ಷಣೆಗಾಗಿ ಮನೆ ಗದ್ದೆಗಳನ್ನು ಬಿಟ್ಟುಕೊಟ್ಟುವು. ಅವುಗಳಲ್ಲಿ ಹಾಲಕ್ಕಿಗಳೂ ಇದ್ದರು. ಗದ್ದೆಯೊಂದಿಗೆ ನೆಟ್ಟಿಯೂ ಹೋಯಿತು. ನೆಟ್ಟಿ ಹೋದ ಮೇಲೆ ಅದರ ಪದವನ್ನು ಎಲ್ಲಿ ಹಾಡುವುದು? ಪರಿಹಾರದ ಲೆಕ್ಕದಲ್ಲಿ ಇಂತಹ ನಷ್ಟಕ್ಕೆ ಕಲಮು ಇರುವುದಿಲ್ಲ.

ಆಕಾಶವಾಣಿಯು ಸುಕ್ರಿಯವರ ಹಾಡುಗಳನ್ನು ಧ್ವನಿಮುದ್ರಿಸಿರುವುದು. ಆ ಕಂಠವನ್ನು ಇನ್ನೂ ಕೇಳಬಹುದು. ಆದರೆ ಗದ್ದೆಯ ಹಾಡು ಒಬ್ಬರದಲ್ಲ. ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ಎತ್ತಿಕೊಳ್ಳಬೇಕು. ಅದಕ್ಕಾಗಿಯೇ ಸುಕ್ರಜ್ಜಿ ತಮ್ಮ ಜನದ ಎಳೆಯರಿಗೆ ಪದಗಳನ್ನು ಕಲಿಸಿದರು. ಬಾಯಿಂದ ಬಾಯಿಗೆ, ತಾಯಿ ತಮಗೆ ಕಲಿಸಿದ ರೀತಿಯಲ್ಲಿಯೇ.